ಚಾರ್ಜರಿನೊಳಗಿನ ಹಲ್ಲಿ

ಹಲ್ಲಿ ಲೊಚಗುಟ್ಟಿದರೆ ಎಲ್ಲರ ಕೈ ನೆಲಕ್ಕೆ ಹೋಗುತ್ತದೆ. ಬೆರಳಿನಿಂದ ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಾರೆ. ನನ್ನ ಕಣ್ಣು ಮಾತ್ರ ಪ್ಲಗ್ ಪಾಯಿಂಟ್ ಹುಡುಕುತ್ತದೆ. ಮೊನ್ನೆ ಮಾಗಡಿಯಲ್ಲಿ ನೆಂಟರ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಿದ್ದಾಗ ಗೋಡೆಯ ಕಡೆಯಿಂದ ಲೊಚ್ ಲೊಚ್ ಅಂತು. ಮನೆಯವರೆಲ್ಲ ನೆಲ ತಟ್ಟಿದರು. ನಾನು ಎಂಜಲು ಕೈಯಲ್ಲೇ ಎದ್ದು ಹೋಗಿ ಟಿವಿ ಹಿಂದೆ ಬಗ್ಗಿ ನೋಡಿದೆ. ಅಲ್ಲಿ ಹಲ್ಲಿಯೇ ಇತ್ತು.

‘ಏನ್ ಕಳ್ಕಂಡ್ಯಪ್ಪಾ?’ ಅಂದರು ಮನೆಯ ಯಜಮಾನರು.

ಏನೂ ಇಲ್ಲ ಅಂತ ಬಂದು ಕೂತೆ. ಮುದ್ದೆ ಆರಿತ್ತು.

ಈ ಚಾಳಿ ನನಗೆ ಅಂಟಿದ್ದು ನಮ್ಮಜ್ಜಿಯ ಕಣ್ಣಿನಿಂದ ಮತ್ತು ಎಂಟು ಕಾಲಿನ ಒಂದು ಐಸಿಯಿಂದ. ಕಣ್ಣಿಗೂ ಐಸಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇರಲಿಲ್ಲ. ಹಲ್ಲಿ ತಂದು ಹಾಕಿತು.

ನಮ್ಮೂರು ಕನಕಪುರದ ಹತ್ತಿರದ್ದು. ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಮನೆಯ ಪಕ್ಕದಲ್ಲೇ ರೇಷ್ಮೆ ಹುಳದ ಮನೆ. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ, ನಾನು. ಅಪ್ಪನ ಮಾತು ಎತ್ತು ಕೇಳುತ್ತದೆ, ಅವ್ವನ ಮಾತು ಅಪ್ಪ ಕೇಳುತ್ತಾನೆ, ಅಜ್ಜಿಯ ಮಾತನ್ನು ಎಲ್ಲರೂ ಕೇಳುತ್ತಾರೆ. ಅಜ್ಜಿ ಕೇಳುವುದು ಹಲ್ಲಿಯ ಮಾತು ಒಂದನ್ನೇ.

ಹಲ್ಲಿಯ ವಿಚಾರದಲ್ಲಿ ಅವಳದೇ ಕಾನೂನು ಇತ್ತು. ತೊಲೆಯ ಮೇಲಿನ ಹಲ್ಲಿ ನುಡಿದರೆ ನಿಜ. ಒಲೆಯ ಹಿಂದಿನದು ನುಡಿದರೆ ಅರ್ಧ ನಿಜ. ಬಚ್ಚಲ ಹಲ್ಲಿಯನ್ನು ನಂಬುವಂತಿಲ್ಲ, ಅದಕ್ಕೆ ಶೀತ. ಚಿಕ್ಕವನಿದ್ದಾಗ ನಾನು ಬಸ್ ಕಂಡಕ್ಟರ್ ಆಗುತ್ತೇನೆ ಅಂದೆ. ತೊಲೆಯ ಹಲ್ಲಿ ನುಡಿಯಿತು. ಅಜ್ಜಿ ಸಂತೋಷದಿಂದ ಬೆಲ್ಲ ಕೊಟ್ಟಳು. ಊರಿನವರಿಗೆಲ್ಲ ಇನ್ನು ಟಿಕೆಟ್ ಇಲ್ಲ ಅಂತ ಹೇಳಿಕೊಂಡು ಬಂದಳು. ಆಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟ ದಿನ ಅವ್ವ ‘ಈ ಸಲ ಪಾಸಾಯ್ತಾನೆ’ ಅಂದಳು. ಮತ್ತೆ ಅದೇ ತೊಲೆ, ಅದೇ ಹಲ್ಲಿ. ನಾನು ಗಣಿತದಲ್ಲಿ ಡುಮ್ಕಿ ಹೊಡೆದೆ. ಪಕ್ಕದ ಮನೆಯ ಹುಡುಗಿ ಪಾಸಾದಳು.

‘ಎಲ್ಲಜ್ಜಿ ನಿನ್ ಹಲ್ಲಿ?’ ಅಂದೆ.

‘ಅದು ನಿಂಗ್ ನುಡ್ದಿದ್ದಲ್ಲ ಕಣ್ಲಾ. ಪಕ್ಕದ್ ಮನೇರ್ಗೆ. ಗೋಡೆ ಒಂದೇ ಅಲ್ವಾ?’

ನನ್ನ ಓದು ಅಲ್ಲಿಗೆ ನಿಂತಿತು. ಕನಕಪುರದ ಬಸ್‌ಸ್ಟ್ಯಾಂಡ್ ಕಡೆ ಪಾಷಣ್ಣ ಅಂತ ಒಬ್ಬರ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಸೇರಿಕೊಂಡೆ. ಟಿವಿ, ಮಿಕ್ಸಿ, ಯುಪಿಎಸ್, ಈಗೀಗ ಬರೀ ಚಾರ್ಜರು. ಔಷಧಿ ಹೊಡೆಯುವ ಸ್ಪ್ರೇಯರಿನದು, ಬ್ಯಾಟರಿ ಸ್ಕೂಟರಿನದು, ಮಕ್ಕಳ ಕಾರಿನದು. ಎಲ್ಲವೂ ಬಿಚ್ಚಿದರೆ ಒಳಗೆ ಹೆಚ್ಚೂಕಮ್ಮಿ ಒಂದೇ. ಒಂದು ಫ್ಯೂಸು, ಒಂದು ದಪ್ಪ ಕೆಪಾಸಿಟರು, ಒಂದು ಟ್ರಾನ್ಸ್‌ಫಾರ್ಮರು, ಮಧ್ಯದಲ್ಲಿ ದನದ ಮೈಯ ಉಣ್ಣೆಹುಳದಂತೆ ಕೂತಿರುವ ಎಂಟು ಕಾಲಿನ ಕಪ್ಪು ಐಸಿ, ಅಂದರೆ ಚಿಪ್. ಅದರ ಬೆನ್ನ ಮೇಲೆ ಮೂವತ್ತೆಂಟು ನಲವತ್ತೆರಡು ಅಂತ ನಂಬರು. ಪಾಷಣ್ಣ ಅದನ್ನು ನಲವತ್ತೆರಡು ಅಂತಲೇ ಕರೆಯುತ್ತಿದ್ದರು.

ಅದು ಹೋಗಿದ್ದರೆ ಕಿತ್ತು ಹೊಸದು ಹಾಕುವುದು. ನಾನು ಕಲಿತ ವಿದ್ಯೆ ಇಷ್ಟೇ. ಮೊದಲ ಸಲ ಹಾಕಿದಾಗ ತಲೆ ಯಾವ ಕಡೆ ಅಂತ ನೋಡದೆ ತಿರುಗಿಸಿ ಹಾಕಿದ್ದೆ. ಸ್ವಿಚ್ ಒತ್ತಿದೆ. ಪಟ್ ಅಂತು, ಐಸಿಯ ಬೆನ್ನು ಹಾರಿ ನನ್ನ ಟೀ ಲೋಟಕ್ಕೆ ಬಿತ್ತು.

‘ದೀಪಾವಳಿ ಇನ್ನೂ ಬಂದಿಲ್ಲ ಸಾಹೇಬ್ರೆ’ ಅಂದರು ಪಾಷಣ್ಣ.

ಒಂದು ದಿನ ಕೇಳಿಯೇ ಬಿಟ್ಟೆ. ‘ಪಾಷಣ್ಣ, ಇದ್ರೊಳ್ಗೆ ಏನೈತೆ?’

‘ನಿಂಗ್ಯಾಕೆ? ಕೋಳಿ ಸಾರ್ ತಿನ್ನೋನು ಕೋಳಿ ಬೆಳಿಗ್ಗೆ ಏನ್ ತಿಂದಿತ್ತು ಅಂತ ಕೇಳ್ತಾನಾ? ಕೀಳು, ಹಾಕು, ಕೊಡು.’

ಸರಿ ಅನ್ನಿಸಿತು. ವರ್ಷಗಟ್ಟಲೆ ಕಿತ್ತೆ, ಹಾಕಿದೆ, ಕೊಟ್ಟೆ. ಒಳಗೇನಿದೆ ಅಂತ ತಿಳಿಯದೆ ಯಾರ ಗಂಟೂ ಹೋಗಲಿಲ್ಲ.

ಅಷ್ಟರಲ್ಲಿ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿನಲ್ಲಿ ಬೆಳಕು ಕತ್ತಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಇನ್ನೊಂದರಲ್ಲಿ ‘ಹೊಗೆ ತುಂಬ್ದಂಗೈತೆ’ ಅನ್ನುತ್ತಿದ್ದಳು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ನನ್ನನ್ನು ಅಪ್ಪ ಅಂದುಕೊಂಡು ಬೈದು, ಅಪ್ಪನನ್ನು ನಾನು ಅಂದುಕೊಂಡು ತಲೆ ಸವರುತ್ತಿದ್ದಳು. ಅಪ್ಪ ಸುಮ್ಮನೆ ಸವರಿಸಿಕೊಳ್ಳುತ್ತಿದ್ದ.

ಪಂಚಾಯ್ತಿ ಹತ್ತಿರ ಕಣ್ಣಿನ ತಪಾಸಣೆಗೆ ಡಾಕ್ಟರು ಬಂದರು. ನೋಡಿ ಹೇಳಿದರು: ಈಗಲೇ ಆಪರೇಷನ್ ಮಾಡಿಸಿ. ಬಿಟ್ಟರೆ ಪೊರೆ ಗಟ್ಟಿಯಾಗುತ್ತದೆ, ಆಮೇಲೆ ಕಷ್ಟ. ರಾಮನಗರದಿಂದ ಆಸ್ಪತ್ರೆಯ ಬಸ್ಸು ಬರುತ್ತದೆ, ಕರೆದುಕೊಂಡು ಹೋಗಿ ತಂದು ಬಿಡುತ್ತದೆ. ಮತ್ತೆ ಯಾವಾಗ ಬರುತ್ತದೋ ಅವರಿಗೂ ಗೊತ್ತಿಲ್ಲ.

ಅವ್ವ ಅವತ್ತು ಸಂಜೆಯೇ ಮಾತೆತ್ತಿದಳು. ‘ಅತ್ತೆ, ಮಾಡುಸ್ಕಬುಡಿ. ಎಲ್ಲಾರೂ ಮಾಡುಸ್ಕತಾವ್ರೆ.’

‘ಈ ವಯ್ಸಲ್ಲಿ ಕಣ್ಗೆ ಚಾಕು ಹಾಕುಸ್ಕಂಡ್ರೆ ಇರೋದೂ ಹೋಯ್ತದೆ ಕಣವ್ವಾ’ ಅಂದಳು ಅಜ್ಜಿ.

ಗೋಡೆಯ ಕಡೆಯಿಂದ ಟಿಕ್ ಟಿಕ್ ಟಿಕ್ ಟಿಕ್.

ಅಜ್ಜಿ ನೆಲ ತಟ್ಟಿದಳು. ‘ಕೇಳ್ದ್ರಾ? ನಾನಲ್ಲ ಹೇಳಿದ್ದು.’

ಅಪ್ಪ ಹಲ್ಲಿಯ ಜೊತೆ ವಾದಕ್ಕೆ ನಿಲ್ಲುವವನಲ್ಲ. ಎದ್ದು ಹುಳಕ್ಕೆ ಸೊಪ್ಪು ಹಾಕಲು ಹೋದ. ಮಾರನೇ ದಿನ ಅವ್ವ ಮತ್ತೆ ಕೇಳಿದಳು. ಅಜ್ಜಿ ಮತ್ತೆ ಬೇಡ ಅಂದಳು. ಮತ್ತೆ ಟಿಕ್ ಟಿಕ್. ಆ ಹಲ್ಲಿ ಬೇರೆ ಮಾತಿಗೂ ನುಡಿಯುತ್ತಿತ್ತು. ಅಪ್ಪ ಈ ಸಲ ಗೂಡಿಗೆ ಒಳ್ಳೆ ರೇಟು ಅಂದಾಗ ನುಡಿದಿತ್ತು. ಅವ್ವ ಬೆಕ್ಕಿಗೆ ಬೈಯುವಾಗಲೂ ನುಡಿದಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕಣ್ಣಿನ ಮಾತಿಗೆ ನುಡಿದದ್ದು ಮಾತ್ರ ಲೆಕ್ಕಕ್ಕೆ ಬಂತು.

ರಿಪೇರಿಯವನಿಗೆ ಒಂದು ರೋಗ ಇರುತ್ತದೆ. ಮಾತಾಡುವವರ ಮುಖ ನೋಡುವುದಿಲ್ಲ, ಬಲ್ಬು ನೋಡುತ್ತಾನೆ. ಆಚೆ ಹೊಲದವರು ಹೊಸ ಬೋರ್‌ವೆಲ್ ಹಾಕಿಸಿದ್ದರು. ಅವರ ಮೋಟರು ಎದ್ದಾಗಲೆಲ್ಲ ನಮ್ಮ ಮನೆಯ ಬಲ್ಬು ಒಂದು ಗಳಿಗೆ ಮಂಕಾಗುತ್ತಿತ್ತು. ಬಲ್ಬು ಮಂಕಾದ ಮೇಲೆ ಹಲ್ಲಿ. ಮತ್ತೆ ಮಂಕು, ಮತ್ತೆ ಹಲ್ಲಿ. ಅಜ್ಜಿಗೆ ಬಲ್ಬು ಕಾಣದು. ಉಳಿದವರು ಬಲ್ಬಿನ ಕಡೆ ನೋಡರು. ಮೋಟರಿನ ಮಾತು ಕೇಳುವ ಹಲ್ಲಿಯನ್ನು ನಾನು ಎಲ್ಲೂ ಕಂಡಿರಲಿಲ್ಲ.

ಎದ್ದು ಗೋಡೆಗೆ ಕಿವಿ ಕೊಟ್ಟೆ. ಕ್ಯಾಲೆಂಡರಿನ ಪಕ್ಕ ಮೊಳೆಗೆ ಸ್ಪ್ರೇಯರಿನ ಚಾರ್ಜರು ನೇತುಹಾಕಿತ್ತು. ಔಷಧಿಯ ಸಾಮಾನು ಹುಳದ ಮನೆಯ ಹತ್ತಿರ ಸುಳಿಯುವಂತಿಲ್ಲ, ವಾಸನೆ ತಗುಲಿದರೂ ಹುಳ ಸಾಯುತ್ತದೆ. ಹಾಗಾಗಿ ಸ್ಪ್ರೇಯರು ಜಗುಲಿಯಲ್ಲಿ, ಚಾರ್ಜರು ನಡುಮನೆಯಲ್ಲಿ, ಯಾವಾಗಲೂ ಪ್ಲಗ್ಗಿನಲ್ಲೇ. ಶಬ್ದ ಅದರೊಳಗಿಂದ ಬರುತ್ತಿತ್ತು.

ಅದನ್ನು ಕಿತ್ತು ಅಂಗಡಿಗೆ ತಂದೆ. ಪಾಷಣ್ಣ ಒಂದು ಸಲ ಕೇಳಿಸಿಕೊಂಡರು. ‘ಬಿಸಾಕು. ಬೇರೇದ್ ಹಾಕು.’

ಬೇರೆಯದು ಹಾಕಿದರೆ ಶಬ್ದ ನಿಲ್ಲುತ್ತಿತ್ತು. ಆದರೆ ಅಜ್ಜಿಗೆ ಏನಂತ ಹೇಳಲಿ? ಹಲ್ಲಿ ಮನೆ ಬಿಟ್ಟು ಹೋಯಿತು, ಇದು ಇನ್ನೂ ಕೆಟ್ಟದ್ದು ಅನ್ನುವವಳು ಅವಳು. ಇದು ಯಾಕೆ ಟಿಕ್ ಅನ್ನುತ್ತದೆ ಅಂತ ಅವಳಿಗೆ ತಿಳಿಸಬೇಕು. ತಿಳಿಸುವುದಕ್ಕೆ ಮೊದಲು ನನಗೆ ತಿಳಿಯಬೇಕು. ಕೋಳಿ ಏನು ತಿಂದಿತ್ತು ಅಂತ ಕೇಳುವ ಗತಿ ಬಂತು.

ಪಾಷಣ್ಣನ ಹತ್ತಿರ ಹಳೆಯ ಮುಳ್ಳಿನ ಮೀಟರು ಒಂದಿದೆ. ಈಗಿನ ಮೀಟರಿನಲ್ಲಿ ನಂಬರು ಕುಣಿಯುತ್ತದೆ, ಏನೂ ಗೊತ್ತಾಗುವುದಿಲ್ಲ. ಮುಳ್ಳು ಹಾಗಲ್ಲ, ನಡೆದು ತೋರಿಸುತ್ತದೆ. ಐಸಿಯ ಏಳನೇ ಕಾಲಿಗೆ ಇಟ್ಟು ನೋಡಿದೆ. ಅದು ಐಸಿಗೆ ಊಟ ಹೋಗುವ ಕಾಲು. ಮುಳ್ಳು ನಿಧಾನವಾಗಿ ಹತ್ತಿತು. ಹದಿನಾರು ವೋಲ್ಟು ಮುಟ್ಟಿತು. ಟಿಕ್. ಸರಕ್ಕನೆ ಹತ್ತಕ್ಕೆ ಜಾರಿತು. ಮತ್ತೆ ಹತ್ತಲು ಶುರು ಮಾಡಿತು. ಹದಿನಾರು, ಟಿಕ್, ಹತ್ತು. ನಾಲ್ಕೈದು ಸಲ ಹೀಗೆ ಬಿದ್ದು ಎದ್ದು ಕೊನೆಗೆ ಒಂದು ಸಲ ಬೀಳದೆ ನಿಂತಿತು, ಚಾರ್ಜರಿನ ಕೆಂಪು ದೀಪ ಹತ್ತಿತು. ಆಫ್ ಮಾಡಿ ಆರಲು ಬಿಟ್ಟೆ, ಮತ್ತೆ ಆನ್ ಮಾಡಿದೆ. ಗಿರಾಕಿಗಳು ಬಂದು ಕೂಗಿ ಹೋದರು. ನಾನು ಮುಳ್ಳು ನೋಡುತ್ತ ಕೂತಿದ್ದೆ.

ಮೊಬೈಲಿನಲ್ಲಿ ಹಿಂದಿಯವನೊಬ್ಬ ಈ ಐಸಿಯ ಒಳಗಿನ ಚಿತ್ರ ಬಿಡಿಸಿ ಹೇಳಿದ್ದ. ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ನಮ್ಮಜ್ಜಿಯ ರಾಗಿ ಬೀಸುವ ಕಲ್ಲು ನೆನಪಾಯಿತು. ನಾನು ಸಣ್ಣವನಿದ್ದಾಗ ಕರೆಂಟು ಹೋಗಿ ಮಿಲ್ಲು ನಿಂತರೆ ಅಜ್ಜಿ ಕಲ್ಲು ಇಳಿಸುತ್ತಿದ್ದಳು. ನಾನು ಹಿಟ್ಟಿಗೆ ಬೆರಳು ಅದ್ದಿ ಮೂಗಿಗೆ ಬಳಿದುಕೊಂಡು ಕೂರುತ್ತಿದ್ದೆ. ಅವಳು ಒಂದೇ ಹದದಲ್ಲಿ ಕಲ್ಲು ಸುತ್ತುವಳು. ಬೇಗವೂ ಇಲ್ಲ, ತಡವೂ ಇಲ್ಲ. ಪ್ರತಿ ಸುತ್ತಿಗೆ ಮುಷ್ಟಿ ಬಿಚ್ಚಿ ಕುಳಿಗೆ ರಾಗಿ ಸುರಿಸುವಳು, ಮುಚ್ಚುವಳು. ಹಿಟ್ಟು ತರಿಯಾದರೆ ಮುಷ್ಟಿ ಬೇಗ ಮುಚ್ಚುತ್ತಿತ್ತು. ಕಲ್ಲು ಬರಿದಾಗಿ ಗರಗರ ಅಂದರೆ ಇನ್ನೂ ಒಸಿ ಹೊತ್ತು ತೆರೆದಿರುತ್ತಿತ್ತು.

ಆ ಐಸಿಯೂ ಮಾಡುವುದು ಅಷ್ಟೇ. ಅದರ ನಾಲ್ಕನೇ ಕಾಲಿನಲ್ಲಿ ಒಂದು ಚಿಕ್ಕ ಕೆಪಾಸಿಟರು ತುಂಬುತ್ತದೆ, ಖಾಲಿಯಾಗುತ್ತದೆ, ತುಂಬುತ್ತದೆ. ಅದು ಕಲ್ಲಿನ ಸುತ್ತು. ಅದರ ಹದ ಬದಲಾಗುವುದಿಲ್ಲ. ಪ್ರತಿ ಸುತ್ತಿನ ಶುರುವಿನಲ್ಲಿ ಮುಷ್ಟಿ ಬಿಚ್ಚು ಅನ್ನುತ್ತದೆ. ಆರನೇ ಕಾಲು ಹೊರಗಿನ ದಪ್ಪ ಟ್ರಾನ್ಸಿಸ್ಟರನ್ನು ಆನ್ ಮಾಡುತ್ತದೆ, ಕರೆಂಟು ಹರಿಯುತ್ತದೆ. ಮುಚ್ಚುವುದು ಯಾವಾಗ? ಎರಡನೇ ಕಾಲು ಹಿಟ್ಟು ನೋಡುವ ಕಣ್ಣು. ಹೊರಗೆ ಸಿಗುತ್ತಿರುವ ವೋಲ್ಟೇಜು ಹೆಚ್ಚೋ ಕಮ್ಮಿಯೋ ನೋಡಿ, ಈ ಸುತ್ತಿಗೆ ಇಷ್ಟು ಭಾರದವರೆಗೆ ಸಾಕು ಅಂತ ಒಂದು ಗೆರೆ ಹಾಕುತ್ತದೆ. ಮೂರನೇ ಕಾಲು ಕೈಗೆ ತಗಲುವ ಭಾರ, ಅಂದರೆ ಹರಿಯುತ್ತಿರುವ ಕರೆಂಟು. ಭಾರ ಗೆರೆ ಮುಟ್ಟಿತೋ, ಮುಷ್ಟಿ ಮುಚ್ಚು. ಮುಂದಿನ ಸುತ್ತು ಬರುವವರೆಗೆ ತೆರೆಯುವಂತಿಲ್ಲ. ಸುತ್ತು ಅಷ್ಟೇ ಇರುತ್ತದೆ, ಮುಷ್ಟಿ ತೆರೆದಿರುವ ಹೊತ್ತು ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಸೆಕೆಂಡಿನಲ್ಲಿ ಇದೆಲ್ಲ ಸಾವಿರಾರು ಸಲ. ಪಲ್ಸ್ ವಿಡ್ತ್ ಮಾಡ್ಯುಲೇಷನ್ ಅಂತ ಉದ್ದದ ಹೆಸರು ಇಟ್ಟು ಹೆದರಿಸುತ್ತಾರೆ, ಒಳಗಿರುವುದು ಇದು.

ನಮ್ಮ ಹೊಲಕ್ಕೆ ತ್ರೀಫೇಸ್ ಕರೆಂಟು ಕೊಡುವವರೂ ಹೀಗೇ ಬಿಟ್ಟು ಬಿಟ್ಟು ಕೊಡುತ್ತಾರೆ. ಹಿಟ್ಟು ನೋಡುವ ಕಣ್ಣು ಮಾತ್ರ ಅವರಿಗಿಲ್ಲ.

ಇನ್ನು ಆ ಟಿಕ್. ಬೀಸುವವಳಿಗೂ ಊಟ ಬೇಕಲ್ಲ. ಮೊದಲಿಗೆ ಒಂದು ರೆಸಿಸ್ಟರಿನಿಂದ ತೊಟ್ಟು ತೊಟ್ಟು ಕರೆಂಟು ಬರುತ್ತದೆ. ಅಷ್ಟರಲ್ಲಿ ಕೆಲಸ ಮಾಡಲು ಆಗದು. ಐಸಿ ಮಲಗಿಕೊಂಡೇ ಅದನ್ನು ಪಕ್ಕದ ಇನ್ನೊಂದು ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಹದಿನಾರು ತುಂಬಿದ ಮೇಲೆ ಎದ್ದು ಬೀಸಲು ಶುರು ಮಾಡುತ್ತದೆ. ಬೀಸಿದ್ದರಲ್ಲಿ ಅದಕ್ಕೂ ಪಾಲಿದೆ, ಟ್ರಾನ್ಸ್‌ಫಾರ್ಮರಿನಲ್ಲಿ ಅದಕ್ಕೆಂದೇ ಒಂದು ಸುತ್ತು ತಂತಿ ಬಿಟ್ಟಿರುತ್ತಾರೆ. ಆದರೆ ಆ ಪಾಲು ಕೈಗೆ ಬರಲು ಒಂದು ಗಳಿಗೆ ಬೇಕು. ಅಲ್ಲಿಯವರೆಗೆ ಕೂಡಿಟ್ಟದ್ದು ತಡೆಯಬೇಕು. ನಮ್ಮ ಚಾರ್ಜರಿನ ಕೆಪಾಸಿಟರು ಒಣಗಿ ಹೋಗಿತ್ತು. ತಡೆಯುತ್ತಿರಲಿಲ್ಲ. ವೋಲ್ಟೇಜು ಹತ್ತಕ್ಕೆ ಬಿದ್ದ ಕೂಡಲೇ ಐಸಿ ಮತ್ತೆ ಮಲಗುವುದು. ಎದ್ದು ಬೀಳುವ ಶಬ್ದವೇ ಟಿಕ್. ಒಂದಿಷ್ಟು ಸಲ ಹೆಣಗಾಡಿ ಕೆಪಾಸಿಟರು ಬೆಚ್ಚಗಾದ ಮೇಲೆ ಹೇಗೋ ನಿಲ್ಲುವುದು. ಮೋಟರು ಎದ್ದು ಕರೆಂಟು ಕುಸಿದಾಗ ಮತ್ತೆ ಮೊದಲಿನಿಂದ.

ಕೆಪಾಸಿಟರು ಬದಲಾಯಿಸದೆ ಹಾಗೇ ಮನೆಗೆ ತಂದೆ. ಅಜ್ಜಿ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಳು. ಅವಳ ಕೈ ಹಿಡಿದು ಚಾರ್ಜರಿನ ಮೇಲೆ ಇಟ್ಟು ಸ್ವಿಚ್ ಒತ್ತಿದೆ. ಟಿಕ್ ಟಿಕ್ ಟಿಕ್ ಟಿಕ್.

‘ಇದೇ ಕಣಜ್ಜಿ ನಿನ್ ಹಲ್ಲಿ’ ಅಂದೆ.

ಅಜ್ಜಿ ಕೈ ತೆಗೆಯಲಿಲ್ಲ. ಮೇಲೆ ಕೆಳಗೆ ಸವರಿದಳು. ‘ಯಾಕ್ಲಾ ಹಿಂಗ್ ಬಡ್ಕತದೆ?’

‘ಒಳ್ಗೆ ರಾಗಿ ಬೀಸೋಳೊಬ್ಳು ಅವ್ಳೆ ಅನ್ಕೊ. ಹೊಟ್ಟೆಗಿಲ್ಲ. ಒಸಿ ಒಸಿ ಕೂಡಿಟ್ಕಂಡು ಎದ್ದೇಳ್ತಾಳೆ. ಬೀಸಕ್ ಕೈ ಹಾಕೋದ್ರೊಳ್ಗೆ ಅದು ಮುಗ್ದೋಯ್ತದೆ. ಬಿದ್ದೋಯ್ತಾಳೆ. ಮತ್ತೆ ಎದ್ದೇಳ್ತಾಳೆ.’

‘ಬೀಸಿದ್ ಹಿಟ್ನಲ್ಲಿ ಅವ್ಳಿಗ್ ಪಾಲಿಲ್ವಾ?’

‘ಐತೆ. ಹಿಟ್ಟಾಗೋಗಂಟ ತಡೀಬೇಕಲ್ಲ.’

‘ಅಲ್ಲೀಗಂಟ ಯಾರಾದ್ರೂ ಹಿಡ್ಕಬೇಕಪ್ಪ.’

‘ಹಿಡ್ಕಳದು ಒಣ್ಗೋಗೈತೆ. ಹೊಸ್ದು ಹಾಕ್ತೀನಿ. ಆಮೇಲ್ ಸದ್ದಿರಲ್ಲ. ನಿನ್ ಕಣ್ಣಿನ್ ಮಾತ್ಗೂ ಇದ್ಕೂ ಏನೂ ಇಲ್ಲ. ಬಸ್ ಹತ್ತು.’

ಚಾರ್ಜರು ಅಷ್ಟರಲ್ಲಿ ಎದ್ದು ನಿಂತಿತ್ತು, ಸದ್ದಿರಲಿಲ್ಲ. ಅಜ್ಜಿ ಬೇರೆ ಕಡೆ ಮುಖ ಮಾಡಿ ಕೇಳಿದಳು: ‘ಕಣ್ ಕಟ್ಟಿ ಕಳುಸ್ತಾರಂತಲ್ಲ. ಹೌದಾ?’

‘ಕಟ್ತಾರೆ. ಆಮೇಲ್ ಬಿಚ್ತಾರೆ.’

‘ಹುಳ ನಾಕ್ನೇ ಜ್ವರ ಎದ್ದೈತೆ. ನಿಮ್ಮವ್ವಂಗೆ ಉಣ್ಣಕ್ ಪುರ್ಸೊತ್ತಿಲ್ಲ. ನಿಮ್ಮಪ್ಪ ಸೊಪ್ಪು ಸೊಪ್ಪು ಅಂತ ಸಾಯ್ತಾನೆ. ಕಣ್ ಕಟ್ಕಂಡ್ ಬಂದು ಕೂತ್ರೆ ನನ್ನ ಹಿತ್ಲಿಗೆ ಕೈ ಹಿಡ್ಕಂಡೋಗೋರ್ ಯಾರ್ಲಾ?’

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವಿಗೆ ಲೆಕ್ಕವಿಲ್ಲ. ಮನೆಯವರು ಮುಖ ತೊಳೆಯುವುದನ್ನೂ ಮರೆಯುತ್ತಾರೆ. ಅಂಥ ಹೊತ್ತಿನಲ್ಲಿ ಹುಳ ಬಿಟ್ಟು ಮುದುಕಿಯನ್ನು ನೋಡಿ ಅನ್ನಲು ಅಜ್ಜಿಗೆ ಬಾಯಿ ಬಂದಿರಲಿಲ್ಲ. ಅಷ್ಟು ದಿನವೂ ಅವಳ ಮನಸ್ಸಿನಲ್ಲಿ ಇದ್ದದ್ದು ಇದು. ಚಾಕುವಿನ ಮಾತೆಲ್ಲ ಮೇಲಿನ ನೆಪ.

‘ನಾನಿಲ್ವಾ?’ ಅಂದೆ.

‘ನಿಂಗ್ ಅಂಗ್ಡಿ.’

‘ಅಂಗ್ಡಿ ಪಾಷಣ್ಣಂದು.’

‘ಹಿತ್ಲಿಗೆ ನೀನ್ ಕರ್ಕಂಡೋಗೀಯಾ? ನಾಚ್ಕೆಗೆಟ್ಟೋನೆ.’

‘ನೀನ್ ನಂಗ್ ತೊಳ್ದಿಲ್ವಾ?’

‘ಥೂ, ಇವ್ನ್ ಬಾಯ್ಗಿಷ್ಟು’ ಅಂತ ತಲೆಗೆ ಹೊಡೆಯಲು ಕೈ ಬೀಸಿದಳು. ಗುರಿ ತಪ್ಪಿ ಕ್ಯಾಲೆಂಡರು ಬಿತ್ತು.

ಪಾಷಣ್ಣನ ಹತ್ತಿರ ರಜೆ ಕೇಳಿದೆ. ‘ಕಣ್ಣಾ? ಹೋಗು. ಬರೋವರ್ಗೆ ನಲವತ್ತೆರಡೆಲ್ಲ ನಾನೇ ತಿರುಗ್ಸಿ ಹಾಕ್ತೀನಿ’ ಅಂದರು. ಬಸ್ಸು ಬರುವ ಮೊದಲೇ ಹೊಸ ಕೆಪಾಸಿಟರು ಹಾಕಿ ಚಾರ್ಜರನ್ನು ಮೊಳೆಗೆ ಸಿಕ್ಕಿಸಿದೆ.

ಆಸ್ಪತ್ರೆಯಲ್ಲಿ ಸಾಲಾಗಿ ಮುದುಕ ಮುದುಕಿಯರು. ಯಾವ ಕಣ್ಣು ಅಂತ ಮರೆಯದಿರಲಿ ಎಂದು ಆ ಕಣ್ಣಿನ ಮೇಲೆ ಹಣೆಗೆ ಒಂದೊಂದು ಪ್ಲಾಸ್ಟರು ಅಂಟಿಸಿದ್ದರು. ಅಜ್ಜಿ ಅದನ್ನು ಮುಟ್ಟಿ ನೋಡಿಕೊಂಡಳು.

‘ರಾಮ್ನಗ್ರದ್ ಮಾರ್ಕೆಟ್ಗೆ ಗೂಡ್ ಬಂದಂಗಾಯ್ತು ಕಣ್ಲಾ. ಹರಾಜ್ಗಿಟ್ಟಂಗೆ ಲಾಟ್ಗೊಂದ್ ಚೀಟಿ ಅಂಟ್ಸವ್ರೆ. ಯಾರ್ ಕೂಗ್ತಾರೋ ಏನ್ ರೇಟ್ಗೋ.’

ಪಕ್ಕದಲ್ಲಿ ಕೂತಿದ್ದ ಚನ್ನಪಟ್ಟಣದ ಮುದುಕ ನಕ್ಕ. ‘ನಮ್ದೆಲ್ಲ ಜಳ್ಳು ಗೂಡು ಕಣವ್ವ, ಯಾರೂ ಕೂಗಲ್ಲ.’

ಕೂಗಿದರು. ಒಳಗೆ ಹೋದಳು, ಬಂದಳು. ಕಟ್ಟು ಮಾರನೇ ದಿನವೇ ಬಿಚ್ಚಿ ಕಪ್ಪು ಕನ್ನಡಕ ಹಾಕಿ ಕಳಿಸಿದರು. ಕೈ ಹಿಡಿಯುವ ಅಗತ್ಯ ಅಷ್ಟೇನೂ ಇರಲಿಲ್ಲ. ಆದರೂ ಹಿತ್ತಲಿಗೆ ಹೋಗುವಾಗ ನನ್ನ ಅಂಗಿಯ ತುದಿ ಹಿಡಿದುಕೊಂಡು ಬರುತ್ತಿದ್ದಳು. ನಾನೂ ಬಿಡಿಸಿಕೊಳ್ಳಲಿಲ್ಲ. ಔಷಧಿ ಬಿಡುವಾಗ ಮಾತ್ರ ಬೈಯುತ್ತಿದ್ದಳು. ‘ಕಣ್ಗ್ ಬುಡ್ಲಾ, ಮೂಗ್ಗೆ ಯಾಕ್ ಬುಡ್ತೀಯಾ?’

ಅಷ್ಟರಲ್ಲಿ ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರಿತ್ತು. ಅಪ್ಪ ಅವ್ವ ಬಿದ್ದಲ್ಲೇ ನಿದ್ದೆ ಹೋಗಿದ್ದರು, ಹಗಲಲ್ಲೇ. ಹಗಲೂ ಬಲ್ಬು ಉರಿಯುವ ನಡುಮನೆಯಲ್ಲಿ ನಾವಿಬ್ಬರೇ. ಬಲ್ಬು ಮಂಕಾಯಿತು. ಆಚೆ ಹೊಲದ ಮೋಟರು. ನಾನು ಕಿವಿಗೊಟ್ಟೆ. ಚಾರ್ಜರು ತುಟಿ ಬಿಚ್ಚಲಿಲ್ಲ. ಕೆಂಪು ದೀಪ ಹೋಗಿ ಒಂದೇ ಸಲಕ್ಕೆ ಬಂತು.

‘ಏನ್ಲಾ, ಆ ಇನ್ನೊಂದ್ ಕಣ್ಣೂ ಮಾಡುಸ್ಬುಡನ ಅಂತೀಯಾ?’ ಅಂದಳು ಅಜ್ಜಿ.

‘ಮಾಡ್ಸು’ ಅಂದೆ.

ಲೊಚ್ ಲೊಚ್ ಲೊಚ್.

ಹೊಸ ಕೆಪಾಸಿಟರೂ ಹೋಯಿತಾ! ಎದ್ದು ಚಾರ್ಜರಿಗೆ ಕಿವಿ ಹಚ್ಚಿದೆ.

‘ಅಲ್ಲಲ್ಲ ಕಣ್ಲಾ. ಮೇಲ್ ನೋಡು’ ಅಂದಳು. ಕಪ್ಪು ಕನ್ನಡಕ ಹಣೆಗೆ ಏರಿಸಿದ್ದಳು, ಹಾಗೆ ಮಾಡಬಾರದು ಅಂತ ಡಾಕ್ಟರು ಹೇಳಿದ್ದರೂ. ‘ತೊಲೆ ಮೂಲೇಲೈತೆ. ಬಾಲ ಕಿತ್ತೋಗೈತೆ ಪಾಪ.’

ಹೆಂಚಿನ ಕೆಳಗೆ ಮಬ್ಬು. ನನಗೆ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಹಲ್ಲಿ ಇತ್ತು. ಬಾಲ ಇರಲಿಲ್ಲ.

ಅಜ್ಜಿ ಬಗ್ಗಿ ನೆಲ ತಟ್ಟಿದಳು. ಕನ್ನಡಕ ಇಳಿಸಿಕೊಂಡಳು.

‘ಇದ್ನೂ ಬಿಚ್ ನೋಡೀಯೇನ್ಲಾ?’